ಸ್ವೀಡನ್ ಹಿತ್ತಲಿಗೆ ಯಾವ ದ್ರಾಕ್ಷಿ ಬಳ್ಳಿ ಸರಿ? ಸೊಲಾರಿಸ್, ರೊಂಡೊ, ಜಿಲ್ಗಾ ಮತ್ತು ಉಳಿದವು

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಸಸಿಗಳ ಫೋಟೋ ಬರಲು ಶುರು. ಯಾರೋ ಒಬ್ಬರು ನರ್ಸರಿಯ ಕಟ್ಟೆ ಮುಂದೆ ನಿಂತು ಕಳಿಸಿರುತ್ತಾರೆ. "ಅಣ್ಣಾ, ಸೊಲಾರಿಸ್ ಅಂತ ಒಂದಿದೆ, ಜಿಲ್ಗಾ ಅಂತ ಒಂದಿದೆ, ಯಾವುದು ತಗೊಳ್ಳಲಿ? ಬೇಗ ಹೇಳಿ, ಪಾರ್ಕಿಂಗ್ ಟೈಮ್ ಮುಗೀತಾ ಇದೆ." ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ದ್ರಾಕ್ಷಿ ಬಳ್ಳಿ ಒಮ್ಮೆ ಬೇರು ಬಿಟ್ಟರೆ ಮೂವತ್ತು ವರ್ಷ ಅಲ್ಲೇ ಇರುತ್ತದೆ, ಆ ಮನೆಯಲ್ಲಿ ನಾವು ಇರುತ್ತೇವೋ ಇಲ್ಲವೋ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನಿರುವುದು ಲುಂಡ್ ಹತ್ತಿರ, ಸ್ವೀಡನ್‌ನ ದಕ್ಷಿಣ ತುದಿಯ ಸ್ಕೋನೆಯಲ್ಲಿ. ಊರಾಚೆ ಒಂದು ಕೊಲೊನಿ ತೋಟ, ಅಂದರೆ ಸಂಘದವರು ತುಂಡು ತುಂಡಾಗಿ ಹಂಚಿ ಕೊಡುವ ತೋಟ, ಬಾಡಿಗೆಗೆ ಹಿಡಿದಿದ್ದೇನೆ, ಅದರಲ್ಲಿ 14 ಬಳ್ಳಿ ಇವೆ. ಎಂಟು ವರ್ಷದಲ್ಲಿ ಆರು ಬಳ್ಳಿ ಕಿತ್ತೂ ಹಾಕಿದ್ದೇನೆ. ಈ ಬಗ್ಗೆ ಮಾತಾಡಲು ನನಗಿರುವ ಯೋಗ್ಯತೆ ಅಷ್ಟೇ.

ಮೊದಲ ಬಳ್ಳಿ ಪಿನೊ ನ್ವಾರ್, ಫ್ರಾನ್ಸಿನ ಹೆಸರಾಂತ ಕೆಂಪು ವೈನಿನ ದ್ರಾಕ್ಷಿ. ಹೆಸರು ಕೇಳಿ ತಂದದ್ದು. ಚಳಿಗೆ ಸತ್ತೇ ಹೋಗುತ್ತೆ ಅಂತ ಗೋಣಿಚೀಲ, ಒಣ ಎಲೆ, ಹಳೇ ಕಂಬಳಿ ಎಲ್ಲಾ ಹೊದಿಸಿದೆ. ಬಳ್ಳಿ ಸಾಯಲಿಲ್ಲ, ಚೆನ್ನಾಗೇ ಬಂತು, ಮೂರನೇ ವರ್ಷ ಗೊಂಚಲೂ ಬಿಟ್ಟಿತು. ಆದರೆ ಅಕ್ಟೋಬರ್ 20 ಆದರೂ ಕಾಯಿ ಇನ್ನೂ ಹೀಚು. ಕಚ್ಚಿದರೆ ಹಲ್ಲು ಚುಳ್ ಅನ್ನುವಷ್ಟು ಹುಳಿ. ಕೊನೆಗೆ ಹಸಿಮೆಣಸಿನಕಾಯಿ, ಉಪ್ಪು ಹಾಕಿ ರುಬ್ಬಿ ಗೊಜ್ಜು ಮಾಡಿದೆವು. ಅನ್ನಕ್ಕೆ ಪರವಾಗಿಲ್ಲ ಅನ್ನಿಸಿತು, ವೈನಿಗಂತೂ ಅಲ್ಲ.

ಅಲ್ಲಿ ಕಲಿತ ಪಾಠವೇ ಈ ಬರಹದ ತಿರುಳು. ಇಲ್ಲಿನ ಚಳಿಗಾಲವನ್ನು ನೋಡಿ ನಾವು ಹೆದರುತ್ತೇವೆ, ಆದರೆ ಬಳ್ಳಿ ಆಗ ನಿದ್ದೆಯಲ್ಲಿರುತ್ತದೆ. ನಮ್ಮ ವಿಜಯಪುರದಲ್ಲಿ ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು ಚಾಟ್ನಿ ಮಾಡಿ, ಅಂದರೆ ಕಡ್ಡಿ ಕತ್ತರಿಸಿ, ಬಳ್ಳಿಯನ್ನು ಎಚ್ಚರಿಸುತ್ತಲೇ ಇರುತ್ತಾರೆ, ಅಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಇಲ್ಲಿ ಅಕ್ಟೋಬರ್ ಕೊನೆಗೆ ಎಲೆ ಉದುರಿದರೆ ಏಪ್ರಿಲ್ ಕೊನೆವರೆಗೂ ಅದು ಕಟ್ಟಿಗೆ. ಹಾಗೆ ಮಲಗಿದ ಬಳ್ಳಿಗೆ ಮೈನಸ್ 10 ಲೆಕ್ಕಕ್ಕೇ ಇಲ್ಲ. ಸೋಲುವುದು ಬೇಸಿಗೆಯಲ್ಲಿ. ಹಣ್ಣಾಗಲು ಬೇಕಾದಷ್ಟು ಬಿಸಿಲಿನ ದಿನ ಸಿಗುವುದಿಲ್ಲ. ನರ್ಸರಿಯ ಚೀಟಿ ಮೇಲೆ ದೊಡ್ಡದಾಗಿ ಬರೆದಿರುವುದು ಮಾತ್ರ ಎಷ್ಟು ಮೈನಸ್ ತಡೆಯುತ್ತದೆ ಅಂತ. ಯಾವ ತಿಂಗಳು ಹಣ್ಣಾಗುತ್ತದೆ ಅನ್ನುವುದು ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ.

ತಳಿ ನೋಡುವ ಮೊದಲು ನೋಡಬೇಕಾದ್ದು

ನಿಮ್ಮ ಜಾಗ ಮೊದಲು. ಸ್ವೀಡನ್ನಿನಲ್ಲಿ ಗಿಡಗಳಿಗೆ ಅಂತಲೇ 1ರಿಂದ 8ರವರೆಗೆ ವಲಯಗಳ ನಕ್ಷೆ ಇದೆ. 1 ಅಂದರೆ ಹಿತವಾದ ದಕ್ಷಿಣದ ಕರಾವಳಿ, 8 ಅಂದರೆ ಬೆಟ್ಟದ ಕಡೆ. ಮಾಲ್ಮೊ, ಲುಂಡ್ ಸುತ್ತ 1. ಸ್ಟಾಕ್‌ಹೋಮ್ ಸುತ್ತ 2, 3. ಮೇಲೆ ಹೋದಷ್ಟೂ ಅಂಕಿ ಏರುತ್ತದೆ, ಬೇಸಿಗೆ ಗಿಡ್ಡವಾಗುತ್ತದೆ. ಜೂನ್‌ನಲ್ಲಿ ಸ್ಟಾಕ್‌ಹೋಮಿಗೆ ಹದಿನೆಂಟು ಗಂಟೆಗೂ ಮೀರಿ ಬೆಳಕಿರುತ್ತದೆ, ಅದು ಎಲೆಗೆ ಒಳ್ಳೆಯದೇ. ಆದರೆ ಹಣ್ಣು ಮಾಗಬೇಕಾದ ಸೆಪ್ಟೆಂಬರ್‌ನಲ್ಲಿ ಬೆಳಕೂ ಇಳಿದಿರುತ್ತದೆ, ಶಾಖವೂ ಇಳಿದಿರುತ್ತದೆ.

ವಲಯಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬರುವುದು ಗೋಡೆ. ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆ ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ನಿಧಾನಕ್ಕೆ ಬಿಡುತ್ತದೆ. ಸಂಜೆ ಏಳಕ್ಕೆ ಅದರ ಮೇಲೆ ಕೈಯಿಟ್ಟು ನೋಡಿ, ಇನ್ನೂ ಬೆಚ್ಚಗಿದ್ದರೆ ನೀವು ಅದೃಷ್ಟವಂತರು. ತಗ್ಗಿನ ಜಾಗ ಬೇಡ. ತಣ್ಣನೆ ಗಾಳಿ ನೀರಿನ ಹಾಗೆ ಇಳಿಜಾರಲ್ಲಿ ಹರಿದು ಬಂದು ಅಲ್ಲೇ ನಿಲ್ಲುತ್ತದೆ.

ಆಮೇಲೆ ಚಿಗುರುವ ಸಮಯ. ಬೇಗ ಹಣ್ಣಾಗುವ ತಳಿಗಳಲ್ಲಿ ಕೆಲವು ಬೇಗ ಚಿಗುರಿಯೂ ಬಿಡುತ್ತವೆ, ಆಗ ಮೇ ತಿಂಗಳ ಹೆಪ್ಪುಗಟ್ಟುವ ರಾತ್ರಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಮೂರನೆಯದು ರೋಗ. ಬೂದಿ ರೋಗ, ಡೌನಿ ಅನ್ನುವ ಬೂಷ್ಟು ರೋಗ ಎರಡೂ ಇಲ್ಲಿವೆ. ಊರಲ್ಲಾದರೆ ವಾರ ವಾರ ಔಷಧಿ ಹೊಡೆಯುತ್ತಾರೆ. ಇಲ್ಲಿ ಮನೆ ತೋಟದವರಿಗೆ ಆ ರಾಸಾಯನಿಕಗಳಲ್ಲಿ ಹೆಚ್ಚಿನವನ್ನು ಬಳಸುವ ಹಾಗಿಲ್ಲ. ಹಾಗಾಗಿ ರೋಗ ತಡೆಯುವಂತೆ ಬೇರೆ ಬೇರೆ ಜಾತಿ ಬೆರೆಸಿ ಬೆಳೆಸಿದ ಮಿಶ್ರ ತಳಿಗಳೇ ಗತಿ. ಅಂಗಡಿಯಲ್ಲಿ ಪಿವಿ ಅಂತ ಕೇಳಿದರೆ ಅವೇ.

ಕೊನೆಯದು, ಹಣ್ಣು ಯಾತಕ್ಕೆ? ತಿನ್ನಲಿಕ್ಕೋ, ವೈನಿಗೋ, ಸುಮ್ನೆ ಚಪ್ಪರದ ನೆರಳಿಗೋ? ವೈನ್ ಅಂದರೆ ಈ ಲೆಕ್ಕ ನೆನಪಿಡಿ: ಚೆನ್ನಾಗಿ ಬಂದ ಒಂದು ಬಳ್ಳಿಗೆ ಎರಡರಿಂದ ಮೂರು ಕೆ.ಜಿ. ಹಣ್ಣು ಬಿಡಬಹುದು, ಅದಕ್ಕಿಂತ ಜಾಸ್ತಿ ಬಿಟ್ಟರೆ ಯಾವುದೂ ಸರಿಯಾಗಿ ಮಾಗುವುದಿಲ್ಲ. ಹತ್ತು ಕೆ.ಜಿ. ಹಿಂಡಿದರೆ ಸುಮಾರು ಆರು ಲೀಟರ್ ರಸ. ತಳದ ಗಸಿ ತೆಗೆದು ಕೈಗೆ ಸಿಗುವುದು ಐದು. ಅಂದರೆ ಐದು ಲೀಟರಿನ ಒಂದು ಗಾಜಿನ ಬುಡ್ಡಿಗೆ ನಾಲ್ಕು ಬಳ್ಳಿ ಬೇಕು. ಒಂದೇ ಬಳ್ಳಿ ಹಾಕಿ ವೈನ್ ಮಾಡ್ತೀನಿ ಅನ್ನುವವರಿಗೆ ಈ ಲೆಕ್ಕ ಹೇಳಿದರೆ ಮುಖ ಸಣ್ಣಗಾಗುತ್ತದೆ.

ಸೊಲಾರಿಸ್

ಬಿಳಿ ದ್ರಾಕ್ಷಿ. ಜರ್ಮನಿಯ ಫ್ರೈಬರ್ಗ್‌ನಲ್ಲಿ 1975ರಲ್ಲಿ ಬೆಳೆಸಿದ ತಳಿ. ಈಗ ಸ್ವೀಡನ್ನಿನ ವೈನ್ ತೋಟಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ, ಡೆನ್ಮಾರ್ಕ್‌ನಲ್ಲೂ ಇದರದ್ದೇ ಕಾರುಬಾರು. ಕಾರಣ ಸರಳ. ಬೇಗ ಹಣ್ಣಾಗುತ್ತದೆ, ಸಕ್ಕರೆ ಚೆನ್ನಾಗಿ ಕಟ್ಟುತ್ತದೆ. ನನ್ನ ತೋಟದಲ್ಲಿ ಒಳ್ಳೆ ವರ್ಷ ಸೆಪ್ಟೆಂಬರ್ ಕೊನೆ ವಾರಕ್ಕೆ 90 ಎಕ್ಸ್‌ಲೆ ಮುಟ್ಟಿದೆ. ಎಕ್ಸ್‌ಲೆ ಅಂದರೆ ರಸದಲ್ಲಿ ಸಿಹಿ ಎಷ್ಟಿದೆ ಅಂತ ಅಳೆಯುವ ಅಳತೆ, 90 ಇದ್ದರೆ ಚಮಚ ಸಕ್ಕರೆ ಹಾಕದೆ ಸುಮಾರು 12 ಶೇಕಡಾ ಆಲ್ಕೋಹಾಲ್ ಬರುತ್ತದೆ. ಇಷ್ಟು ಉತ್ತರದಲ್ಲಿ ಇದು ಸಣ್ಣ ಮಾತಲ್ಲ.

ತೊಂದರೆ ಎರಡು. ಒಂದು, ಇದು ಕಾಡಿನ ಹಾಗೆ ಬೆಳೆಯುತ್ತದೆ. ಜುಲೈನಲ್ಲಿ ಎರಡು ವಾರ ಊರಿಗೆ ಹೋಗಿ ಬಂದರೆ ಕಡ್ಡಿಗಳು ಪಕ್ಕದವರ ಬೇಲಿ ದಾಟಿರುತ್ತವೆ. ಗೊಂಚಲಿನ ಸುತ್ತ ಎಲೆ ಕಿತ್ತು ಬಿಸಿಲು, ಗಾಳಿ ಬಿಡದಿದ್ದರೆ ರೋಗ ತಡೆಯುವ ಗುಣವೂ ಕೆಲಸಕ್ಕೆ ಬರುವುದಿಲ್ಲ. ಎರಡನೆಯದು ಕಣಜದ ಹುಳ. ಸುತ್ತ ಎಲ್ಲೂ ಸಿಹಿ ಇಲ್ಲದ ಹೊತ್ತಿನಲ್ಲಿ ಇದೊಂದೇ ಹಣ್ಣಾಗಿರುತ್ತದೆ, ಬಿಡುತ್ತವೆಯೇ? ಒಂದು ವರ್ಷ ಶನಿವಾರ ಕೊಯ್ಯೋಣ ಅಂತ ಬುಧವಾರ ನೋಡಿ ಬಂದಿದ್ದೆ. ಶನಿವಾರ ದೂರದಿಂದ ಗೊಂಚಲು ಹಾಗೇ ನೇತಾಡುತ್ತಿತ್ತು, ಬಂಗಾರದ ಬಣ್ಣ. ಕೈಯಲ್ಲಿ ಹಿಡಿದರೆ ಹತ್ತಿಯ ಹಾಗೆ ಹಗುರ. ಪ್ರತಿ ಹಣ್ಣಿಗೂ ಸಣ್ಣ ತೂತು, ಒಳಗೆ ಏನೂ ಇಲ್ಲ, ಬರೀ ಸಿಪ್ಪೆ. ಅವತ್ತಿಂದ ಆಗಸ್ಟ್ ಕೊನೆಗೇ ಸಣ್ಣ ಕಣ್ಣಿನ ಬಲೆ ಕಟ್ಟುತ್ತೇನೆ. ಸಸಿಯ ಬೆಲೆಯ ಜೊತೆ ಬಲೆಯ ಬೆಲೆಯನ್ನೂ ಸೇರಿಸಿಕೊಳ್ಳಿ.

ಸ್ಕೋನೆ ಇಲ್ಲವೇ ಓಲಂಡ್, ಗಾಟ್‌ಲೆಂಡ್ ದ್ವೀಪಗಳ ಕಡೆ ಇದ್ದು ವೈನ್ ಮಾಡುವ ಆಸೆ ಇದ್ದರೆ ಮುಂದೆ ಓದಬೇಕಾಗೇ ಇಲ್ಲ, ಇದನ್ನೇ ತನ್ನಿ.

ರೊಂಡೊ

ಕೆಂಪು ವೈನೇ ಬೇಕು ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ರೊಂಡೊ. 1964ರಲ್ಲಿ ಆಗಿನ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ತಳಿ, ಇದರ ವಂಶದಲ್ಲಿ ಅಮುರ್ ನದಿ ಕಡೆಯ ಕಾಡು ದ್ರಾಕ್ಷಿಯ ರಕ್ತ ಇದೆ. ಅದರಿಂದ ಚಳಿ ತಡೆಯುವ ಶಕ್ತಿ ಬಂತು, ಜೊತೆಗೆ ಒಂದು ಕೆಟ್ಟ ಚಾಳಿಯೂ ಬಂತು. ಸ್ವಲ್ಪ ಬೆಚ್ಚಗಾದರೆ ಸಾಕು, ಬೇಸಿಗೆ ಬಂತು ಅಂತ ಚಿಗುರಿಬಿಡುತ್ತದೆ.

ಒಂದು ಮೇ ತಿಂಗಳ ರಾತ್ರಿ ಎರಡು ಗಂಟೆಗೆ ಎದ್ದು ಹೋಗಿ ಬಳ್ಳಿಗಳ ಕೆಳಗೆ ತಗಡಿನ ಡಬ್ಬಿಗಳಲ್ಲಿ ಮೇಣ ಉರಿಸಿದ್ದೆ. ಆಕಾಶ ಶುಭ್ರ, ಗಾಳಿ ಇಲ್ಲ, ಹುಲ್ಲು ಕಾಲಡಿಯಲ್ಲಿ ಗರಗರ ಅನ್ನುತ್ತಿತ್ತು. ಡಬ್ಬಿ ಇದ್ದದ್ದು ಆರು, ರೊಂಡೊ ಸಾಲು ಇದ್ದದ್ದು ಎಂಟು ಮೀಟರ್. ಬೆಳಿಗ್ಗೆ ಒಂಬತ್ತಕ್ಕೆ ನೋಡಿದರೆ ಡಬ್ಬಿ ಇಲ್ಲದ ಕಡೆ ಚಿಗುರೆಲ್ಲಾ ಬೇಯಿಸಿದ ಪಾಲಕ್ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿತ್ತು. ಬಳ್ಳಿ ಸಾಯುವುದಿಲ್ಲ. ಪಕ್ಕದ ಕಣ್ಣು ಒಡೆದು ಇನ್ನೊಂದು ಚಿಗುರು ಬರುತ್ತದೆ. ಆದರೆ ಅದರಲ್ಲಿ ಗೊಂಚಲು ಕಡಿಮೆ, ಬಂದರೂ ತಡ.

ಬಣ್ಣ ಮಾತ್ರ ಅದ್ಭುತ, ನೇರಳೆ ಹಣ್ಣಿನ ರಸದ ಹಾಗೆ. ಸಕ್ಕರೆ ಸೊಲಾರಿಸ್‌ನಷ್ಟು ಕಟ್ಟುವುದಿಲ್ಲ. ನನಗೆ ಸಾಮಾನ್ಯವಾಗಿ 75 ಎಕ್ಸ್‌ಲೆ ಹತ್ತಿರ ನಿಲ್ಲುತ್ತದೆ, ಅಂದರೆ ಸುಮಾರು 10 ಶೇಕಡಾ. ಲೀಟರಿಗೆ 17 ಗ್ರಾಂ ಸಕ್ಕರೆ ಹಾಕಿದರೆ ಒಂದು ಶೇಕಡಾ ಏರುತ್ತದೆ, ಐದು ಲೀಟರಿನ ಬುಡ್ಡಿಗೆ ಎರಡು ಶೇಕಡಾ ಏರಿಸಲು 170 ಗ್ರಾಂ. ಇದರಲ್ಲಿ ನಾಚಿಕೆಪಡುವುದು ಏನಿಲ್ಲ. ಯುರೋಪಿಯನ್ ಯೂನಿಯನ್ ನಿಯಮದಲ್ಲೇ ಉತ್ತರದ ದೇಶಗಳಿಗೆ ಮಾಮೂಲಿ ವರ್ಷದಲ್ಲಿ ಮೂರು ಶೇಕಡಾವರೆಗೆ ಏರಿಸಲು ಅವಕಾಶ ಕೊಟ್ಟಿದ್ದಾರೆ.

ಗೋಡೆ ಇದ್ದರೆ ರೊಂಡೊ ಹಾಕಿ. ಬಯಲಲ್ಲಿ, ಅದರಲ್ಲೂ ತಗ್ಗಿನಲ್ಲಿ, ಬೇಡ.

ಜಿಲ್ಗಾ

ಸ್ಟಾಕ್‌ಹೋಮ್ ಮತ್ತು ಮೇಲಿನವರಿಗೆ ನನ್ನ ಉತ್ತರ ಬಹುತೇಕ ಇದೇ. ಲಾಟ್ವಿಯಾದ ತಳಿ, 1960ರ ದಶಕದ್ದು. ಫಿನ್ಲೆಂಡ್, ಎಸ್ಟೋನಿಯಾ ಮನೆಗಳ ಗೋಡೆ ಮೇಲೂ ಹಬ್ಬಿರುತ್ತದೆ. ನೀಲಿ ಹಣ್ಣು, ರಾಶಿ ರಾಶಿ ಬಿಡುತ್ತದೆ, ರೋಗ ಕಡಿಮೆ, ಆರೈಕೆ ಮಾಡದಿದ್ದರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊದಲ ಸಲ ಹಣ್ಣಾದಾಗ ನನ್ನವಳು ಒಂದು ಬಾಯಿಗೆ ಹಾಕಿಕೊಂಡು ಹಾಗೇ ನಿಂತುಬಿಟ್ಟಳು. "ರೀ, ಇದು ನಮ್ಮ ದೊಡ್ಡಬಳ್ಳಾಪುರದ ದ್ರಾಕ್ಷಿ ಅಲ್ವಾ?" ನಿಜ. ಒತ್ತಿದರೆ ಸಿಪ್ಪೆ ಬೇರೆಯಾಗಿ ಒಳಗಿನ ತಿರುಳು ಗುಳುಕ್ಕನೆ ಬಾಯಿಗೆ ಜಾರುತ್ತದೆ, ಬೀಜ ಇದೆ, ಆ ಘಮ್ ಅನ್ನುವ ವಾಸನೆ. ಬೆಂಗಳೂರು ಬ್ಲೂ ದ್ರಾಕ್ಷಿಯಲ್ಲೂ ಜಿಲ್ಗಾದಲ್ಲೂ ಅಮೆರಿಕದ ಲ್ಯಾಬ್ರುಸ್ಕಾ ಜಾತಿಯ ಅಂಶ ಇದೆ, ವಾಸನೆ ಅಲ್ಲಿಂದ ಬಂದದ್ದು. ಯುರೋಪಿನ ವೈನ್ ಪಂಡಿತರು ಈ ವಾಸನೆಗೆ ನರಿಯ ಹೆಸರಿಟ್ಟು ಮೂಗು ಮುರಿಯುತ್ತಾರೆ. ಬೆಂಗಳೂರು ಬ್ಲೂ ತಿಂದು ಬೆಳೆದ ನಮಗೆ ಅದು ದ್ರಾಕ್ಷಿಯದ್ದೇ ವಾಸನೆ. ಜ್ಯೂಸ್, ಜಾಮ್‌ಗೆ ಇದನ್ನು ಮೀರಿಸಿದ್ದಿಲ್ಲ. ವೈನ್ ಮಾಡಿದರೆ ಆ ವಾಸನೆ ಬುಡ್ಡಿಯಲ್ಲೂ ಉಳಿಯುತ್ತದೆ, ಸ್ವೀಡಿಷ್ ಗೆಳೆಯರಿಗೆ ಕೊಟ್ಟಾಗ ಎರಡನೇ ಗ್ಲಾಸ್ ಯಾರೂ ಕೇಳಲಿಲ್ಲ. ನಾನು ಮಾತ್ರ ಕುಡಿದೆ.

ತಿನ್ನಲಿಕ್ಕಾದರೆ

ಮಕ್ಕಳಿಗೆ ಬೀಜ ಇಲ್ಲದ್ದೇ ಬೇಕು ಅಂದರೆ ಹಿಮ್ರೋಡ್. ಇದರ ಅಪ್ಪ ಅಮ್ಮಂದಿರಲ್ಲಿ ಒಂದು ಥಾಮ್ಸನ್ ಸೀಡ್‌ಲೆಸ್, ನಮ್ಮ ವಿಜಯಪುರದಲ್ಲಿ ಒಣದ್ರಾಕ್ಷಿ ಮಾಡುತ್ತಾರಲ್ಲ, ಅದೇ. ಹಸಿರು ಬಂಗಾರದ ಸಣ್ಣ ಹಣ್ಣು, ತುಂಬಾ ಸಿಹಿ. ಬೆಚ್ಚನೆ ಗೋಡೆ ಇಲ್ಲವೇ ಗಾಜಿನ ಮನೆ ಬೇಕೇ ಬೇಕು.

ಗಾಜಿನ ಮನೆ ಇದ್ದರೆ ಬೇರೆ ಲೋಕವೇ ತೆರೆಯುತ್ತದೆ. ಫ್ರಾಂಕೆಂಥಾಲರ್ ಅನ್ನುವ ಹಳೇ ನೀಲಿ ತಳಿಯನ್ನು ಇಲ್ಲಿನವರು ತಲೆಮಾರುಗಳಿಂದ ಗಾಜಿನೊಳಗೆ ಬೆಳೆಸುತ್ತಿದ್ದಾರೆ. ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ 1768ರಲ್ಲಿ ನೆಟ್ಟ ಬಳ್ಳಿ ಇನ್ನೂ ಹಣ್ಣು ಬಿಡುತ್ತಿದೆ, ಅದೂ ಇದೇ ತಳಿ, ಅಲ್ಲಿ ಹೆಸರು ಬ್ಲ್ಯಾಕ್ ಹ್ಯಾಂಬರ್ಗ್. ಆದರೆ ಕೂತು ಕತ್ತರಿ ಹಿಡಿದು ಪ್ರತಿ ಗೊಂಚಲಿನಿಂದ ಅರ್ಧ ಕಾಯಿ ಕತ್ತರಿಸಿ ತೆಗೆಯಬೇಕು, ಇಲ್ಲದಿದ್ದರೆ ಒತ್ತೊತ್ತಾಗಿ ಒಳಗೇ ಕೊಳೆಯುತ್ತದೆ. ತಾಳ್ಮೆ ಇದ್ದವರಿಗೆ ಮಾತ್ರ. ಬರೀ ದ್ರಾಕ್ಷಿಗಾಗಿ ಗಾಜಿನ ಮನೆ ಕಟ್ಟಿಸಬೇಡಿ. ಟೊಮ್ಯಾಟೊ, ಕರಿಬೇವು, ಮೆಣಸಿನಕಾಯಿಗೂ ಬೇಕು ಅಂತ ಕಟ್ಟಿಸಿದ್ದರೆ ಒಂದು ಮೂಲೆಗೆ ಹಾಕಿ.

ಮಿನ್ನೆಸೋಟಾ ತಳಿಗಳ ಮೋಸ

ಮೋಸ ಅಂದರೆ ತಳಿಯದ್ದಲ್ಲ, ನಮ್ಮ ತಿಳಿವಳಿಕೆಯದ್ದು. ಮಾರ್ಕೆಟ್, ಫ್ರಂಟೆನಾಕ್ ಅಂತ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದವರು ಬೆಳೆಸಿದ ತಳಿಗಳಿವೆ. ಮಾರ್ಕೆಟ್ 2006ರದ್ದು, ಪಿನೊ ನ್ವಾರ್‌ನ ಮೊಮ್ಮಗು. ಮೈನಸ್ 30ಕ್ಕೂ ಬಗ್ಗುವುದಿಲ್ಲ. ಅದನ್ನು ಓದಿ ಉತ್ತರದವರು ಖುಷಿಯಿಂದ ತರಿಸಿಕೊಳ್ಳುತ್ತಾರೆ. ಆದರೆ ಮಿನ್ನೆಸೋಟಾದ ಬೇಸಿಗೆ ನೋಡಿದ್ದೀರಾ? ಚಳಿಗಾಲ ಎಷ್ಟು ಕ್ರೂರವೋ ಬೇಸಿಗೆ ಅಷ್ಟೇ ಸುಡುತ್ತದೆ. ಆ ಬಿಸಿಲಿಗೆ ಹೊಂದಿಕೊಂಡ ಬಳ್ಳಿಯನ್ನು ಜುಲೈನಲ್ಲೂ ಸ್ವೆಟರ್ ಹಾಕುವ ಊರಿಗೆ ತಂದರೆ ಚಳಿಗಾಲವನ್ನೇನೋ ಆರಾಮಾಗಿ ದಾಟುತ್ತದೆ, ಅಕ್ಟೋಬರ್‌ನಲ್ಲಿ ಹುಳಿ ಇಳಿಯದ ಕಾಯಿ ಕೈಗಿಡುತ್ತದೆ. ನಾನು ಕಿತ್ತ ಆರರಲ್ಲಿ ಎರಡು ಮಾರ್ಕೆಟ್. ತುಂಬಾ ಬೆಚ್ಚನೆ ಗೋಡೆ ಇದ್ದವರು, ಪ್ರಯೋಗ ಮಾಡುವ ಹುಚ್ಚಿದ್ದವರು ಹಾಕಲಿ.

ಯಾವ ವೈನ್?

ಹಣ್ಣು ಹೇಗೆ ಬರುತ್ತದೋ ಹಾಗೆ ವೈನ್ ಮಾಡಬೇಕು, ಆಸೆ ಪಟ್ಟ ಹಾಗಲ್ಲ. ಮನೆಯವರಿಗಾಗಿ ವೈನ್ ಮಾಡಿಕೊಳ್ಳಲು ಸ್ವೀಡನ್ನಿನಲ್ಲಿ ಅಡ್ಡಿ ಇಲ್ಲ. ಬಟ್ಟಿ ಇಳಿಸುವುದು ಮಾತ್ರ ಅಪರಾಧ, ಆ ಕಡೆ ಹೋಗಬೇಡಿ.

ಮೊದಲ ಸಲಕ್ಕೆ ಸೊಲಾರಿಸ್‌ನ ಬಿಳಿ ವೈನೇ ಸುಲಭ. ಹಿಂಡಿ, ರಸ ಒಂದು ರಾತ್ರಿ ತಣ್ಣಗೆ ಇಟ್ಟು, ಗಸಿ ಬಿಟ್ಟು ಮೇಲಿನದ್ದನ್ನು ಬುಡ್ಡಿಗೆ ಹಾಕಿ ಈಸ್ಟ್ ಸೇರಿಸಿದರೆ ಅರ್ಧ ಕೆಲಸ ಮುಗಿಯಿತು. ಬುಡ್ಡಿ, ಏರ್‌ಲಾಕ್ (ಒಳಗಿನ ಗಾಳಿ ಹೊರಬಿಟ್ಟು ಹೊರಗಿನದ್ದನ್ನು ತಡೆಯುವ ಮುಚ್ಚಳ), ರಬ್ಬರ್ ಪೈಪು, ಸಿಹಿ ಅಳೆಯುವ ಸಣ್ಣ ದುರ್ಬೀನು, ಎಲ್ಲಾ ಸೇರಿ ನನಗೆ ಸಾವಿರ ಕ್ರೋನರ್ ಹತ್ತಿರ ಆಯಿತು. ಹಿಂಡುವ ಯಂತ್ರ ಕೊಳ್ಳಬೇಡಿ. ಕೊಲೊನಿ ಸಂಘಗಳಲ್ಲಿ ಸೇಬು ಹಿಂಡುವ ಯಂತ್ರ ಇರುತ್ತದೆ, ಕೇಳಿದರೆ ಕೊಡುತ್ತಾರೆ.

ಹುಳಿ ಜಾಸ್ತಿ ಅನ್ನಿಸಿದರೆ ಸೀಮೆಸುಣ್ಣದ ಪುಡಿ, ಅಂದರೆ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್. ಲೀಟರಿಗೆ 0.67 ಗ್ರಾಂ ಹಾಕಿದರೆ ಹುಳಿ ಸುಮಾರು ಒಂದು ಗ್ರಾಂ ಇಳಿಯುತ್ತದೆ. ಜಾಸ್ತಿ ಹಾಕಿದರೆ ಗೋಡೆ ನೆಕ್ಕಿದ ಹಾಗಾಗುತ್ತದೆ. ಕೆಂಪು ವೈನಿಗೆ ಇನ್ನೊಂದು ದಾರಿ ಇದೆ. ಹುಳಿಯನ್ನು ಮೃದು ಮಾಡುವ ಬ್ಯಾಕ್ಟೀರಿಯಾ ಸಿಗುತ್ತದೆ, ಆದರೆ ಅದಕ್ಕೆ ಬೆಚ್ಚನೆ ಕೋಣೆ ಬೇಕು, ನೆಲಮಾಳಿಗೆಯ ಚಳಿಯಲ್ಲಿ ಅದು ಮಲಗಿಬಿಡುತ್ತದೆ. ನನ್ನ ರೊಂಡೊ ಬುಡ್ಡಿ ನವೆಂಬರ್ ಪೂರ್ತಿ ಮಗಳ ಕೋಣೆಯ ರೇಡಿಯೇಟರ್ ಪಕ್ಕ ಕೂತಿರುತ್ತದೆ, ಅವಳಿಗೆ ಆ ಗುಳುಗುಳು ಶಬ್ದ ಇಷ್ಟವಂತೆ.

ಬುರುಗಿನ ವೈನ್ ಈ ಹವೆಗೆ ಹೇಳಿ ಮಾಡಿಸಿದ್ದು, ಯಾಕೆಂದರೆ ಅದಕ್ಕೆ ಹುಳಿ ಜಾಸ್ತಿ, ಸಿಹಿ ಕಡಿಮೆ ಇರುವ ಹಣ್ಣೇ ಬೇಕು. ಇಂಗ್ಲೆಂಡಿನವರು ಹೆಸರು ಮಾಡಿರುವುದೂ ಅದರಲ್ಲೇ. ಆದರೆ ಮನೆಯಲ್ಲಿ? ಲೀಟರಿಗೆ 24 ಗ್ರಾಂ ಸಕ್ಕರೆ ಹಾಕಿ ಬಾಟಲಿಯಲ್ಲಿ ಎರಡನೇ ಸಲ ಹುದುಗು ಬರಿಸಿದರೆ ಒಳಗೆ ಆರು ಅಟ್ಮಾಸ್ಫಿಯರ್ ಒತ್ತಡ, ಕಾರಿನ ಟೈರಿನ ಎರಡು ಪಟ್ಟಿಗೂ ಜಾಸ್ತಿ. ಮಾಮೂಲಿ ವೈನ್ ಬಾಟಲಿ ಸಿಡಿದು ಚೂರಾಗುತ್ತದೆ. ದಪ್ಪ ಗಾಜಿನ ಶಾಂಪೇನ್ ಬಾಟಲಿ, ಅದರದ್ದೇ ಮುಚ್ಚಳ ಇಲ್ಲದೆ ಕೈ ಹಾಕಬೇಡಿ. ಬಳ್ಳಿಯಲ್ಲೇ ಹೆಪ್ಪುಗಟ್ಟಿದ ಹಣ್ಣಿನಿಂದ ಮಾಡುವ ಸಿಹಿ ಐಸ್‌ವೈನ್ ಬಗ್ಗೆಯೂ ಕೇಳುತ್ತಾರೆ. ಫ್ಲೇನ್ ಹತ್ತಿರದ ಬ್ಲಾಕ್‌ಸ್ಟಾ ತೋಟದವರು ವಿಡಾಲ್ ತಳಿಯಿಂದ ಮಾಡಿ ಹೆಸರು ಗಳಿಸಿದ್ದಾರೆ. ಕೆನಡಾದ ನಿಯಮದ ಪ್ರಕಾರ ಮೈನಸ್ 8ಕ್ಕೆ ಇಳಿಯುವವರೆಗೂ ಹಣ್ಣು ಬಳ್ಳಿಯಲ್ಲೇ ಇರಬೇಕು. ಅಷ್ಟು ದಿನ ಹಕ್ಕಿಗಳಿಂದ ಉಳಿಸಿಕೊಳ್ಳುವ ಶಕ್ತಿ ನನಗಿಲ್ಲ.

ಮಾರುವ ಕನಸಿದ್ದವರಿಗೆ ಒಂದೆರಡು ಮಾತು. ಸಾಲಿನ ನಡುವೆ ಎರಡು ಮೀಟರ್, ಬಳ್ಳಿಗೆ ಒಂದು ಮೀಟರ್ ಬಿಟ್ಟರೆ ಒಂದು ಹೆಕ್ಟೇರಿಗೆ 5000 ಸಸಿ. ಕಂಬ, ತಂತಿ, ಜಿಂಕೆ ಬೇಲಿ ಬೇರೆ. ಮೂರು ವರ್ಷ ಒಂದು ಕ್ರೋನರ್ ಹುಟ್ಟುವುದಿಲ್ಲ. ಮೊದಲೆಲ್ಲಾ ಚಿಲ್ಲರೆ ಮಾರಾಟ ಸರ್ಕಾರದ ಸಿಸ್ಟೆಮ್‌ಬೊಲಾಗೆಟ್ ಅಂಗಡಿಗಳಲ್ಲಿ ಮಾತ್ರ ಇತ್ತು. ಜೂನ್ 2025ರಿಂದ ತೋಟಕ್ಕೆ ದುಡ್ಡು ಕೊಟ್ಟು ಭೇಟಿ ಕೊಟ್ಟವರಿಗೆ ಅಲ್ಲೇ ತಲಾ ಮೂರು ಲೀಟರ್‌ವರೆಗೆ ವೈನ್ ಮಾರಬಹುದು. ಸಣ್ಣವರಿಗೆ ಅದೊಂದು ಉಸಿರು. ಆದರೂ ಐಟಿ ಕೆಲಸ ಬಿಟ್ಟು ಬನ್ನಿ ಅಂತ ನಾನು ಯಾರಿಗೂ ಹೇಳಲಾರೆ.

ಹಾಗಾದರೆ

ಸ್ಕೋನೆಯಲ್ಲಿ ಕೊಲೊನಿ ತೋಟ, ವೈನ್ ಆಸೆ, ನಾಲ್ಕೈದು ಸಸಿಗೆ ದುಡ್ಡು: ಎಲ್ಲವೂ ಸೊಲಾರಿಸ್. ಎರಡು ಅದು, ಎರಡು ಇದು ಅಂತ ಹಾಕಿದರೆ ಯಾವುದೂ ಬುಡ್ಡಿ ತುಂಬುವುದಿಲ್ಲ. ಸ್ಟಾಕ್‌ಹೋಮ್ ಕಡೆ ಸಾಲು ಮನೆ, ಒಂದೇ ಸಸಿಗೆ ಜಾಗ: ಜಿಲ್ಗಾ. ಗೋಡೆ ತುಂಬಾ ಬೆಚ್ಚಗಿದ್ದು ಮಕ್ಕಳಿದ್ದರೆ ಹಿಮ್ರೋಡ್ ಹಾಕಿ ನೋಡಬಹುದು, ಒಂದು ಕೆಟ್ಟ ಬೇಸಿಗೆ ಬಂದರೆ ಬೈಯಬೇಡಿ. ಬಾಡಿಗೆ ಮನೆಯವರು, ಎರಡು ವರ್ಷಕ್ಕೆ ಊರು ಬದಲಿಸುವವರು ಸುಮ್ನೆ ಪಕ್ಕದವರ ಸೇಬು ಕೇಳಿ ಸೈಡರ್ ಮಾಡಿ. ಆ ಸೇಬು ಹೇಗೂ ನೆಲಕ್ಕೆ ಬಿದ್ದು ಕೊಳೆಯುತ್ತಿರುತ್ತದೆ.

ಯಾವುದೇ ತಂದರೂ ಮೇ ಕೊನೆವರೆಗೆ ನೆಲಕ್ಕೆ ಹಾಕಬೇಡಿ, ಕುಂಡದಲ್ಲೇ ಕಿಟಕಿ ಪಕ್ಕ ಇಡಿ. ಮೊದಲ ಚಳಿಗಾಲಕ್ಕೆ ಬುಡಕ್ಕೆ ಸ್ಪ್ರೂಸ್ ಕೊಂಬೆ ಮುಚ್ಚಿದರೆ ಸಾಕು, ಕಂಬಳಿ ಬೇಡ. ಚಾಟ್ನಿ ಫೆಬ್ರವರಿ, ಮಾರ್ಚ್ ಒಳಗೆ ಮುಗಿಸಿ. ತಡವಾಗಿ ಏಪ್ರಿಲ್‌ನಲ್ಲಿ ಕತ್ತರಿಸಿದರೆ ಕತ್ತರಿಸಿದ ಜಾಗದಿಂದ ನಲ್ಲಿ ಬಿಟ್ಟ ಹಾಗೆ ದಿನಗಟ್ಟಲೆ ನೀರು ತೊಟ್ಟಿಕ್ಕುತ್ತದೆ. ನೋಡಿ ಗಾಬರಿಯಾಗಿ ರಾತ್ರಿ ಹತ್ತಕ್ಕೆ ಫೋನ್ ಮಾಡಬೇಡಿ, ಬಳ್ಳಿಗೆ ಏನೂ ಆಗುವುದಿಲ್ಲ.